ಅವಳಿಗೆ ಕೇಳಿಸಿದ ಸ್ವರ

ನಮ್ಮ ಯಲಹಂಕದ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯ ಹುಡುಗಿಗೆ ಆಟಿಸಂ ಇದೆ. ಕುಕ್ಕರಿನ ಸೀಟಿಯಾಗಲಿ, ಸ್ಕೂಟರಿನ ಹಾರ್ನಾಗಲಿ, ಒಮ್ಮೆ ಕೇಳಿದರೆ ಸಾಕು, ಕೀಬೋರ್ಡಿನಲ್ಲಿ ಅದೇ ಸ್ವರವನ್ನು ಒತ್ತುತ್ತಾಳೆ. ನಮಗೆಲ್ಲ ಅದೊಂದು ಬೆರಗು.

ಕಳೆದ ತಿಂಗಳು ಅವಳು, ಅವಳ ತಾಯಿ ಮತ್ತು ನಾನು ಎರಡು ಮಹಡಿಗಳ ನಡುವೆ ಲಿಫ್ಟಿನಲ್ಲಿ ಸಿಕ್ಕಿಕೊಂಡೆವು. ಬಹಳ ಹೊತ್ತಿನ ಮೇಲೆ ಮೆಕ್ಯಾನಿಕ್ ಮೇಲಿನ ಮಹಡಿಯ ಬಾಗಿಲು ತೆರೆದ. ತಲೆಯ ಮಟ್ಟದಲ್ಲಿ ಒಬ್ಬರು ನುಸುಳುವಷ್ಟು ಸಂದಿ ಕಾಣಿಸಿತು.

"ಆಂಟಿ, ಮೊದ್ಲು ನಿಮ್ಮ ಮಗಳನ್ನ ಹತ್ಸಿ," ಎಂದು ಅವನು ಮೇಲಿನಿಂದ ಕೈ ಚಾಚಿದ.

ಹುಡುಗಿ ಕಿವಿ ಮುಚ್ಚಿಕೊಂಡು ಮೂಲೆಗೆ ಸರಿದಳು. "ಸ್ವರ ಇಳೀತಿದೆ. ಇಳೀತಿದೆ."

ನನಗೆ ಏನೂ ಕೇಳಿಸಲಿಲ್ಲ.

"ಹಠ ಮಾಡ್ತಾರೆ ಅಷ್ಟೇ, ಎತ್ತಿ ಕೊಡಿ ಆಂಟಿ!" ಎಂದು ಮೆಕ್ಯಾನಿಕ್ ಕೂಗಿದ.

"ಹಠ ಅಲ್ಲಪ್ಪ, ತಡಿ. ಕೇಳಿಸ್ದೇ ಇರೋದನ್ನ ಅವಳು ಹೇಳಲ್ಲ," ಎಂದು ತಾಯಿ ಮಗಳಿಗೆ ಅಡ್ಡ ನಿಂತರು.

ಅಷ್ಟರಲ್ಲಿ ಲಿಫ್ಟ್ ಧಡಕ್ಕನೆ ಕೆಳಗೆ ಜಾರಿ ನಿಂತಿತು. ಸಂದಿ ಕಿರಿದಾಗಿ ಒಂದು ಗೇಣಾಗಿತ್ತು. ಅವಳಿಗೆ ಕೇಳಿಸಿದ್ದು ಲಿಫ್ಟಿನ ಬ್ರೇಕ್ ಸಡಿಲಾಗುತ್ತಿದ್ದ ಸದ್ದು. ಈಗಲೂ ಕಣ್ಣು ಮುಚ್ಚಿದರೆ ಆ ಸಂದಿ ಕಾಣುತ್ತದೆ, ಹತ್ತಿಸಿದ್ದರೆ ಅದರಲ್ಲಿ ಸಿಕ್ಕಿರುತ್ತಿದ್ದ ಅವಳ ಹೆಗಲು.

ಕೊನೆಗೆ ಕೆಳಗಿನ ಮಹಡಿಯಲ್ಲಿ ನಮ್ಮನ್ನು ಇಳಿಸಿದರು. ನೆರೆದವರೆಲ್ಲ ಅವಳ ಕಿವಿಯನ್ನು ಹೊಗಳುತ್ತ ಸುತ್ತುವರಿದರು. ಅವಳು ಕಿವಿಯಿಂದ ಕೈ ತೆಗೆಯಲೇ ಇಲ್ಲ. ನಾವು ಬೆರಗುಪಡುವ ಸದ್ದುಗಳೆಲ್ಲ ಬೇಡವೆಂದರೂ ಅವಳೊಳಗೆ ನುಗ್ಗುತ್ತವೆ ಎಂಬುದು ನನಗೆ ತಿಳಿದದ್ದು ಆಗಲೇ.