ಸರೋವರದ ತಳ ಮತ್ತೆ ತುಂಬಿಕೊಂಡದ್ದು

ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಗೆಳತಿ ಶೈಲಾಳ ಕಾರಿನಲ್ಲಿ ನಾವಿರುವ ವಾನ್ ಊರಿನಿಂದ ಹೊರಟೆ. ಟೋಲ್ ದುಬಾರಿಯೆಂದು ಅವಳು 407 ಹೆದ್ದಾರಿ ಬಿಟ್ಟು 401 ಹಿಡಿದಳು. ಗಂಟೆಯೊಳಗೆ ಮುಗಿಯಬೇಕಿದ್ದ ದಾರಿ ಒಂದೂವರೆ ಗಂಟೆಗೆ ಬೆಳೆಯಿತು. ಒಂಟೇರಿಯೊ ಸರೋವರ ಹತ್ತಿರವಾದಂತೆ ಗಾಳಿ ತಣ್ಣಗಾಗಿ, ನಾನು ಸ್ವೆಟರ್ ಹಾಕಿಕೊಂಡೆ.

ಶೈಲಾ ಉಳ್ಳಾಲದವಳು. ಅಲ್ಲಿ ಕಡಲು ಮನೆಗಳನ್ನು ಎಳೆದುಕೊಳ್ಳುವುದನ್ನೂ, ತಡೆಯಲು ಕಲ್ಲು ಸುರಿದ ಕಡೆ ದಂಡೆಯೇ ಇಲ್ಲವಾಗುವುದನ್ನೂ ಕಂಡವಳು. ನೀರಿನ ತಳದ ಜೀವಿಗಳ ಅಧ್ಯಯನ ಅವಳ ಕೆಲಸ. ನಾನು ಮೈಸೂರಿನವಳು, ಕಟ್ಟಡ ಇಂಜಿನಿಯರ್; ನನಗೆ ಗೊತ್ತಿರುವ ನೀರು ಬೇಸ್‌ಮೆಂಟಿಗೆ ಸೋರುವಂಥದ್ದು. ಅವಳ ಜೊತೆಗಾರ್ತಿಗೆ ಜ್ವರ ಬಂದದ್ದರಿಂದ, ದೋಣಿಯಿಂದ ತಳದ ಮರಳಿನ ಮಾದರಿ ಎತ್ತುವಾಗ ಹಗ್ಗ ಎಳೆಯಲು ನನ್ನನ್ನು ಕರೆದಿದ್ದಳು.

ನಾವು ಹೋದದ್ದು ಏಜಾಕ್ಸ್ ಊರು ದಾಟಿದ ಮೇಲೆ ಸಿಗುವ ಒಂದು ಸಣ್ಣ ದಂಡೆಗೆ. ಅಲೆಗಳು ಅದನ್ನು ಕೊರೆದು ರಸ್ತೆಯವರೆಗೂ ಬಂದಿದ್ದವು. ಸರೋವರದ ತಳದಿಂದ ಮರಳೆತ್ತಿ ತುಂಬಿಸೋಣ ಎಂದು ಊರಿನವರು ತೀರ್ಮಾನಿಸಿದಾಗ, ಹೇಗೆ ಬೇಕೋ ಹಾಗೆ ಎತ್ತುವಂತಿಲ್ಲ ಎಂದು ಸಭೆಯಲ್ಲಿ ಎದ್ದು ನಿಂತವಳು ಶೈಲಾ. ಮರಳಿನೊಂದಿಗೆ ಅದರಲ್ಲಿರುವ ಹುಳುಗಳೂ ಹೋಗುತ್ತವೆ, ಅವನ್ನು ತಿನ್ನುವ ಮೀನು ಹಸಿಯುತ್ತದೆ, ಮೇಲೆದ್ದ ಕೆಸರು ಮೊಟ್ಟೆಗಳನ್ನು ಮುಚ್ಚುತ್ತದೆ ಎಂದು ವಾದಿಸಿದಳು. ಕೊನೆಗೆ ಅವಳ ಮಾತೇ ಗೆದ್ದಿತು. ಮೀನು ಮೊಟ್ಟೆಯಿಡುವ ಕಾಲದಲ್ಲಿ ಕೆಲಸ ನಿಲ್ಲಿಸಿದರು. ಕೆಸರಿಲ್ಲದ ದಪ್ಪ ಮರಳನ್ನಷ್ಟೇ ತೆಗೆದರು. ಅಗೆದ ಪಟ್ಟಿಗಳ ನಡುವೆ ಅಗೆಯದ ಪಟ್ಟಿಗಳನ್ನು ಬಿಟ್ಟರು. ಉಳಿದ ಜೀವಿಗಳು ಅಲ್ಲಿಂದ ಹಬ್ಬಬೇಕು ಎಂಬುದು ಲೆಕ್ಕಾಚಾರ. ಆದರೆ ಹೋದ ವರ್ಷ ಅಗೆದ ಕಡೆ ಮಾದರಿ ತೆಗೆದಾಗ ಮೇಲೆ ಬಂದದ್ದು ಬರೀ ಮರಳು. ಈ ಸಲವೂ ಹಾಗಾದರೆ, ಅಲೆ ಕೊರೆಯುತ್ತಿರುವ ಪಕ್ಕದ ದಂಡೆಗೆ ಮರಳಿನ ಬದಲು ಕಲ್ಲಿನ ಗೋಡೆಯೇ ಗತಿ.

"ಖಾಲಿ ಬಂದ್ರೆ ಏನ್ಮಾಡ್ತೀಯ?" ಎಂದು ಕೇಳಿದೆ.

"ಖಾಲಿ ಅಂತಲೇ ರಿಪೋರ್ಟಲ್ಲಿ ಬರೆಯುದು. ಬೇರೆ ಎಂತ ಉಂಟು ಮಾರಾಯ್ತಿ," ಎಂದಳು. ಕಾರು ನಿಲ್ಲಿಸಿದ ಮೇಲೆ ನೀರುದೋಸೆಯ ಡಬ್ಬಿ ತೆರೆದಳಾದರೂ ಒಂದನ್ನೂ ಮುಗಿಸಲಿಲ್ಲ.

ದೋಣಿಯ ಒಡತಿ ಡೋನಾ ದಂಡೆಯಲ್ಲೇ ಕಾಯುತ್ತಿದ್ದರು. ಅರವತ್ತು ದಾಟಿದ ಹೆಂಗಸು, ಅಪ್ಪನ ಕಾಲದಿಂದ ಅಲ್ಲೇ ಮೀನು ಹಿಡಿದವರು. ಮರಳೆತ್ತುವುದಕ್ಕೆ ಊರಲ್ಲೆಲ್ಲ ಹೆಚ್ಚು ವಿರೋಧಿಸಿದವರು ಅವರೇ. "ನೀನು ಒಳ್ಳೆಯವಳು ಶೈಲಾ," ಎಂದು ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದರು. "ಆದರೆ ನೀವು ಕೆರೆದ ಜಾಗ ಸತ್ತಿದೆ."

ಮೊದಲಿಗೆ, ಮರಳು ಅಗೆದ ಪಟ್ಟಿಯೊಂದರ ಮೇಲೆ ದೋಣಿ ನಿಲ್ಲಿಸಿದೆವು. ತಳವನ್ನು ಕಚ್ಚಿ ಹಿಡಿಯುವ ಕಬ್ಬಿಣದ ಡಬ್ಬವನ್ನು ಶೈಲಾ ಇಳಿಸಿದಳು. ಹಗ್ಗ ಎಳೆದು ನನ್ನ ಅಂಗೈ ಉರಿಯಿತು. ಮರಳನ್ನು ಜರಡಿಗೆ ಸುರಿದು ನೀರು ಹೊಯ್ದಳು. ಆಮೇಲೆ ಜರಡಿಯ ಮೂಲೆಯಲ್ಲಿ ಕೆಂಪು ದಾರದಂಥದ್ದೊಂದು ಸುತ್ತಿಕೊಂಡಿತು. ಅದರ ಪಕ್ಕ ಇನ್ನೊಂದು. ಮರಳು ತೊಳೆದುಹೋದಂತೆ ಹುಳುಗಳು ಎಲ್ಲೆಡೆ ಕಾಣತೊಡಗಿದವು. ನಡುನಡುವೆ ಅಕ್ಕಿಕಾಳಿನಷ್ಟು ಚಿಪ್ಪಿನ ಜೀವಿಗಳು.

"ಬಂದಿದ್ದಾವೆ," ಎಂದಳು ಶೈಲಾ, ಮೆಲ್ಲಗೆ. "ನೋಡು, ಎಲ್ಲ ವಾಪಸ್ ಬಂದಿದ್ದಾವೆ."

ಡೋನಾ ಎದ್ದು ಬಂದು ಜರಡಿ ಕಸಿದುಕೊಂಡಂತೆ ತೆಗೆದುಕೊಂಡು ಬಿಸಿಲಿಗೆ ಹಿಡಿದರು. "ಇನ್ನೊಂದು ಕಡೆ ಹಾಕು," ಎಂದರು. ಹಾಕಿದೆವು. ಅಲ್ಲೂ ಬಂತು. ಆಮೇಲೆ ಅವರೇ ಜಾಗ ಆರಿಸತೊಡಗಿದರು, ಹಗ್ಗವನ್ನೂ ನನ್ನ ಕೈಯಿಂದ ಬಿಡಿಸಿಕೊಂಡರು. ಒಂದು ಆಳದ ಗುಂಡಿ ಮಾತ್ರ ಖಾಲಿ ಇತ್ತು. ಅದನ್ನೂ ಬರೆದುಕೊಂಡ ಶೈಲಾ, "ಇಷ್ಟು ಆಳ ಅಗೆಯಬಾರದು ಅಂತ ಗೊತ್ತಾಯ್ತಲ್ಲ, ಅದೂ ಬೇಕು," ಎಂದಳು.

ದಂಡೆಗೆ ಮರಳುವಾಗ ತಿಳಿನೀರಿನಲ್ಲಿ ಸಣ್ಣ ಮೀನುಗಳ ದೊಡ್ಡ ಗುಂಪೊಂದು ದೋಣಿಯ ಕೆಳಗೆ ಹಾದುಹೋಯಿತು. ಡೋನಾ ಎಂಜಿನ್ ಆರಿಸಿದರು. ಮೀನು ಪೂರ್ತಿ ದಾಟುವವರೆಗೆ ನಾವು ಮೂವರೂ ಬಗ್ಗಿ ನೋಡಿದೆವು.

"ಪಕ್ಕದ ದಂಡೆಯ ಸಭೆ ಯಾವಾಗ?" ಎಂದು ಅವರು ಕೇಳಿದರು.

"ಮುಂದಿನ ತಿಂಗಳು."

"ನಾನು ಮಾತಾಡುತ್ತೇನೆ. ಕಲ್ಲು ಬೇಡ ಅಂತ. ನನ್ನ ಮಾತಾದರೆ ಅವರು ಕೇಳುತ್ತಾರೆ."

ಶೈಲಾ ಅವರನ್ನು ಅಪ್ಪಿಕೊಂಡಳು. ಅವಳ ಒದ್ದೆ ಕೈಗವಸು ಡೋನಾರ ಬೆನ್ನಿನ ಮೇಲೆ ಮರಳಿನ ಗುರುತು ಬಿಟ್ಟಿತು.

ಕಾರು ರಸ್ತೆಗೆ ಹತ್ತುವಾಗ ಹಿಂತಿರುಗಿ ನೋಡಿದೆ. ಅಗಲವಾದ ಹೊಸ ದಂಡೆಯ ಮೇಲೆ ನಾಯಿ ಹಿಡಿದು ಅಡ್ಡಾಡುತ್ತಿದ್ದ ದಂಪತಿಯನ್ನು ಡೋನಾ ತಡೆದು ನಿಲ್ಲಿಸಿದ್ದರು. ಎರಡೂ ಕೈಗಳಿಂದ ಸರೋವರದ ಕಡೆ ತೋರಿಸುತ್ತ ಏನೋ ಹೇಳುತ್ತಿದ್ದರು.