ವೈನಿ ಹಾಕಿದ ಸಹಿ

ಹೋದ ವಾರ ಬೆಂಗೇರಿಯ ನನ್ನ ಎಡಿಟಿಂಗ್ ಕೋಣೆಗೆ ಒಬ್ಬ ಹೆಣ್ಣುಮಗಳು ಹಳೆಯ ಹಾರ್ಡ್ ಡಿಸ್ಕ್ ಒಂದನ್ನು ತಂದಿದ್ದಳು. ತಮ್ಮನ ಮದುವೆಯ ವಿಡಿಯೋ ಅದರಲ್ಲಿದೆ, ತೆರೆಯುತ್ತಿಲ್ಲ, ನೋಡಿಕೊಡಿ ಎಂದಳು. ಡಿಸ್ಕನ್ನು ಕುಪ್ಪಸದ ಖಣದ ತುಂಡೊಂದರಲ್ಲಿ ಸುತ್ತಿ ಸೀರೆಗಳ ಟ್ರಂಕಿನಲ್ಲಿಟ್ಟಿದ್ದಳಂತೆ. ಬಟ್ಟೆ ಬಿಚ್ಚುತ್ತಲೇ ಬಜೆಯ ವಾಸನೆ ಮೂಗಿಗೆ ಬಡಿಯಿತು. ಸೀರೆಗೆ ಹುಳ ಬೀಳದಿರಲೆಂದು ಟ್ರಂಕಿನ ಮೂಲೆಯಲ್ಲಿಡುತ್ತಾರಲ್ಲ, ಆ ಬೇರು... ಅವಳು ಏನೋ ಹೇಳುತ್ತಲೇ ಇದ್ದಳು, ನನ್ನ ಕಿವಿಗೆ ಬೀಳಲಿಲ್ಲ. ಎದ್ದು ಕಿಟಕಿ ತೆರೆದೆ. ಮತ್ತೆ ಮುಚ್ಚಿದೆ. ಆಮೇಲೆ ಇಡೀ ದಿನ ಒಂದು ಕೆಲಸವೂ ಕೈಹತ್ತಲಿಲ್ಲ. ಹಾರ್ಡ್ ಡಿಸ್ಕುಗಳನ್ನು ಖಣದಲ್ಲಿ ಸುತ್ತಿ, ಜೊತೆಗೊಂದು ಬಜೆಯ ತುಂಡು ಇಡುತ್ತಿದ್ದ ಇನ್ನೊಬ್ಬರನ್ನು ನಾನು ಕಂಡಿದ್ದೆ. ಅವರು ನಮ್ಮ ವೈನಿ.

ವೈನಿ ಎಂದರೆ ನನ್ನ ಒಡಹುಟ್ಟಿದ ಅಣ್ಣನ ಹೆಂಡತಿಯಲ್ಲ. ಹುಬ್ಬಳ್ಳಿಯಲ್ಲಿ ನಾನು ಮೊದಲು ಕೆಲಸಕ್ಕೆ ಸೇರಿದ ಮದುವೆ ವಿಡಿಯೋದ ಸ್ಟುಡಿಯೋ ಮಾಲೀಕರನ್ನು ನಾವೆಲ್ಲ ಅಣ್ಣಾರು ಎನ್ನುತ್ತಿದ್ದೆವು. ಹಾಗಾಗಿ ಅವರ ಹೆಂಡತಿ ವೈನಿ. ಶೂಟಿಂಗ್ ಅಣ್ಣಾರದು, ಎಡಿಟಿಂಗ್ ನನ್ನದು. ಶೂಟ್ ಆಗಿ ಬಂದದ್ದನ್ನು ಕಾಯುವ ಕೆಲಸ ವೈನಿಯದು. ಹತ್ತನೇ ತರಗತಿಗೇ ಸಾಲಿ ಬಿಟ್ಟವರು, ಕಂಪ್ಯೂಟರನ್ನು ಮದುವೆಯಾದ ಮೇಲೆ ಮುಟ್ಟಿದವರು. ಆದರೆ ಯಾರ ಮದುವೆ ಯಾವ ಡಿಸ್ಕಿನಲ್ಲಿದೆ ಎಂದು ಕೇಳಿದರೆ ಪುಸ್ತಕ ತೆರೆಯದೆ ಹೇಳುತ್ತಿದ್ದರು.

ಕೂತಲ್ಲಿ ಕೂರುವ ಜೀವವಲ್ಲ ಅದು. ಊಟಕ್ಕೆ ಕೂತವರು ಅರ್ಧ ರೊಟ್ಟಿಗೇ ಎದ್ದು ಬಂದು, ಕಾಪಿ ಎಲ್ಲಿಗೆ ಬಂತೆಂದು ಪರದೆ ನೋಡಿ ಹೋಗುತ್ತಿದ್ದರು. ಕರೆಂಟು ಹೋದರೆ ಅವರ ಮುಖದ ಬಣ್ಣವೇ ಹೋಗುತ್ತಿತ್ತು. ತುಂಬಿದ ಮೆಮೊರಿ ಕಾರ್ಡನ್ನು ಡಬ್ಬಿಯಲ್ಲಿ ಬೋರಲು ಮಾಡಿ ಇಡಬೇಕು, ಖಾಲಿಯದನ್ನು ಅಂಗಾತ. ಕಾಪಿ ಆದಮೇಲೆ ಪ್ರತಿ ಫೋಲ್ಡರಿನ ಮೊದಲನೆಯದು, ನಡುವಿನದು, ಕಡೆಯದು ಹೀಗೆ ಮೂರು ಕ್ಲಿಪ್ ತೆರೆದು ಕಣ್ಣಾರೆ ನೋಡಬೇಕು. ಕಾಪಿ ಮಾಡಿದವರು ನೋಡಿದ ಮೇಲೆ ವೈನಿ ತಾವೂ ಒಮ್ಮೆ ನೋಡಿ ಉದ್ದನೆಯ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದರು. ಆ ಸಹಿ ಬೀಳುವ ತನಕ ಕಾರ್ಡನ್ನು ಯಾರೂ ಅಳಿಸುವಂತಿಲ್ಲ. ಆರು ತಿಂಗಳಿಗೊಮ್ಮೆ ಹಳೆಯ ಡಿಸ್ಕುಗಳನ್ನೆಲ್ಲ ಹೊರತೆಗೆದು ಒಂದೊಂದಾಗಿ ಓಡಿಸುತ್ತಿದ್ದರು. “ಭಾಳ ದಿನ ಮಲಗಿಸಿದ್ರ ಏಳೂದಿಲ್ಲ ತಂಗಿ ಇವು” ಎನ್ನುತ್ತಿದ್ದರು.

ಪ್ರತಿಯೊಂದಕ್ಕೂ ಮೂರು ಪ್ರತಿ. “ಒಂದು ಕೈಯಾಗ, ಒಂದು ಕಪಾಟನ್ಯಾಗ, ಒಂದು ಬ್ಯಾರೆ ಊರಾಗ.” ಬೇರೆ ಊರು ಎಂದರೆ ಅವರ ತವರು ಶಿರಗುಪ್ಪಿ. ಸೋಮವಾರಕ್ಕೊಮ್ಮೆ ಡಿಸ್ಕುಗಳ ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ, ಅಣ್ಣನ ಮನೆಯ ಟ್ರಂಕಿನಲ್ಲಿಟ್ಟು, ಸಂಜೆಯೊಳಗೆ ಬಂದುಬಿಡುತ್ತಿದ್ದರು. ಸ್ಟುಡಿಯೋಕ್ಕೆ ಬೆಂಕಿ ಬಿದ್ದರೆ? ನೀರು ನುಗ್ಗಿದರೆ? ಅಣ್ಣಾರು ನಗುತ್ತಿದ್ದರು. ವೈನಿ ನಗುತ್ತಿರಲಿಲ್ಲ. “ನಮ್ಮದು ಹೋದ್ರ ಹೋಗ್ಲಿ. ಇದು ಮಂದೀದು” ಎನ್ನುತ್ತಿದ್ದರು.

ಗೋಪನಕೊಪ್ಪದ ಮದುವೆ ಬಂದಾಗ ನಾನು ಅಲ್ಲಿ ಸೇರಿ ಎರಡು ವರ್ಷವಾಗಿತ್ತು. ಎರಡು ಕ್ಯಾಮೆರಾ, ಎರಡು ಕಾರ್ಡು. ಒಂದರಲ್ಲಿ ಕಲ್ಯಾಣ ಮಂಟಪದ್ದು, ಇನ್ನೊಂದರಲ್ಲಿ ಮನೆಯಂಗಳದ ಸುರಗಿ. ನಾಲ್ಕು ಮೂಲೆಗೆ ತಂಬಿಗೆಯಿಟ್ಟು, ಸುತ್ತಲೂ ನೂಲು ಸುತ್ತಿ, ನಡುವೆ ಮದುಮಗಳನ್ನು ಕೂಡಿಸಿ ನೀರೆರೆಯುವಾಗ ಅವಳ ಅಜ್ಜಿ ಹಾಡಿದ್ದರು. ಅದನ್ನು ಬಿಡದೆ ಪೂರ್ತಿ ತೆಗೆಯಬೇಕೆಂದು ಮನೆಯವರು ಮೊದಲೇ ಹೇಳಿಟ್ಟಿದ್ದರು.

ಮರುದಿನ ಬೆಳಿಗ್ಗೆ ನಾನು ಕಾರ್ಡುಗಳನ್ನು ಇಳಿಸುತ್ತಿದ್ದೆ. ಮಧ್ಯಾಹ್ನ ಧಾರವಾಡದಲ್ಲಿ ಇನ್ನೊಂದು ಕಾರ್ಯಕ್ರಮ. ಕಾರ್ಡುಗಳಿಗಾಗಿ ಕ್ಯಾಮೆರಾದವರು ಕೆಳಗೆ ಗಾಡಿ ಚಾಲೂ ಮಾಡಿಕೊಂಡೇ ನಿಂತಿದ್ದರು, ಹಾರ್ನ್ ಮೇಲೆ ಹಾರ್ನ್. ಎರಡೂ ಒಂದೇ ಮಾದರಿಯ ಕ್ಯಾಮೆರಾ, ಹೀಗಾಗಿ ಎರಡೂ ಕಾರ್ಡಿನ ಫೋಲ್ಡರು, ಫೈಲುಗಳ ಹೆಸರೆಲ್ಲ ಒಂದೇ. ಅವಸರದಲ್ಲಿ ನಾನು ಮಂಟಪದ ಕಾರ್ಡನ್ನೇ ಎರಡು ಸಲ ಇಳಿಸಿದೆ. ಎರಡನೆಯದಕ್ಕೆ ‘ಸುರಗಿ’ ಎಂದು ಹೆಸರಿಟ್ಟೆ.

ವೈನಿ ಒಳಗಿನಿಂದ ಬಂದರು. ಅಂದು ಅವರಿಗೆ ಜ್ವರವಿತ್ತು, ತಲೆಗೆ ಬಟ್ಟೆ ಕಟ್ಟಿಕೊಂಡಿದ್ದರು.

“ತೆಗೆದು ನೋಡಿದೇನು?”

“ನೋಡೇನ್ರಿ ವೈನಿ.”

ನೋಡಿರಲಿಲ್ಲ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಪುಸ್ತಕ ಎಳೆದುಕೊಂಡು ತಮ್ಮ ಸಹಿ ಹಾಕಿದರು. ತಾವೇ ತೆರೆದು ನೋಡದೆ ವೈನಿ ಸಹಿ ಹಾಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕಾರ್ಡುಗಳು ಧಾರವಾಡಕ್ಕೆ ಹೋದವು, ಅಳಿಸಲ್ಪಟ್ಟವು, ಮತ್ತೆ ತುಂಬಿದವು.

ಎಂಟು ದಿನದ ಮೇಲೆ ಎಡಿಟಿಂಗಿಗೆ ಕೂತು ‘ಸುರಗಿ’ ತೆರೆದರೆ ಮತ್ತದೇ ಮಂಟಪ, ಅದೇ ಹೂವಿನ ಕಮಾನು. ಕಪಾಟಿನ ಪ್ರತಿ ತೆಗೆದರೂ ಅದೇ. ವೈನಿ ಅಂದೇ ಶಿರಗುಪ್ಪಿಗೆ ಹೋಗಿ ಮೂರನೆಯದನ್ನು ತಂದರು. ಅದರಲ್ಲೂ ಅದೇ. ನನ್ನ ತಪ್ಪು ಮೂರು ಕಡೆಯೂ ಅಚ್ಚುಕಟ್ಟಾಗಿ ಕೂತಿತ್ತು. ಅಳಿಸಿದ್ದನ್ನು ಮರಳಿ ತೆಗೆಯುವ ಸಾಫ್ಟ್‌ವೇರ್ ಹಾಕಿ ವೈನಿ ಎರಡು ದಿನ ಆ ಕಾರ್ಡಿನ ಮುಂದೆಯೇ ಕೂತರು. ಬಂದದ್ದೆಲ್ಲ ಧಾರವಾಡದ ಕಾರ್ಯಕ್ರಮದ ಚೂರುಗಳು.

“ಕ್ಯಾಮೆರಾ ಕೆಟ್ಟಿತ್ತು ಅಂತ ಹೇಳಿಬಿಡೂಣು” ಎಂದರು ಅಣ್ಣಾರು.

“ಕ್ಯಾಮೆರಾ ಕೆಟ್ಟಿಲ್ಲ” ಎಂದರು ವೈನಿ. “ನಾ ಹೋಗಿ ಖರೇ ಹೇಳಿ ಬರತೇನಿ.” ನನ್ನನ್ನೂ ಬಾ ಎಂದರು.

ಆಟೋದಲ್ಲಿ ವೈನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಗೋಪನಕೊಪ್ಪ ಇನ್ನೇನು ಬಂತು ಎನ್ನುವಾಗ ನನ್ನ ಕಡೆ ತಿರುಗಿ ಕೇಳಿದರು:

“ತಂಗಿ, ನನ್ನ ಮುಂದ ಏನರೆ ಹೇಳೂದೈತೇನು?”

ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಂತವರ ದನಿ ಅದು. ನಾನು ರಸ್ತೆ ನೋಡುತ್ತ, “ಏನಿಲ್ರಿ” ಎಂದೆ.

ಆ ಮನೆಯ ಪಡಸಾಲೆಯಲ್ಲಿ ಮದುಮಗಳ ತಾಯಿ ನಮಗೆ ನೀರು ಕೊಟ್ಟು ಕೂಡಿಸಿದರು. ವೈನಿ ಸುತ್ತುಬಳಸಲಿಲ್ಲ.

“ಸುರಗೀದು ಹೋಗೇತ್ರಿ. ತಪ್ಪು ನಂದು. ನೋಡೇನಿ ಅಂತ ಸಹಿ ಹಾಕೇನಿ, ನೋಡಿರಲಿಲ್ಲ.”

ಆ ತಾಯಿ ಒಮ್ಮೆಲೇ ಅತ್ತರು. “ಬ್ಯಾರೆ ಯಾವುದರೆ ಹೋಗಬಾರದಿತ್ತೇನ್ರಿ? ಅತ್ತಿ ಹಾಡಿದ್ದು ಅದೊಂದ ಇತ್ತು. ಆ ಹಾಡು ಮನ್ಯಾಗ ಇನ್ಯಾರಿಗೂ ಬರೂದಿಲ್ಲ. ನಂಬಿ ಕೊಟ್ಟಿದ್ವಿ...” ವೈನಿ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ನನ್ನ ಕೈಯಲ್ಲಿ ನೀರಿನ ಲೋಟವಿತ್ತು. ‘ನಾನು ಮಾಡಿದ್ದು’ ಎನ್ನಲು ಎರಡೇ ಶಬ್ದ ಸಾಕಿತ್ತು. ಲೋಟದ ಅಂಚನ್ನು ಒರೆಸುತ್ತ ಕೂತೆ.

ಒಳಗಿದ್ದ ಅಜ್ಜಿ ಗೋಡೆ ಹಿಡಿದು ಹೊರಗೆ ಬಂದರು. “ಹೋದದ್ದು ಹೋತು ಬಿಡ್ರೆವಾ. ನನ್ನ ಬಾಯಾಗ ಇನ್ನೂ ಐತಿ. ಬೇಕಾದ್ರ ಮತ್ತ ತುಂಬಕೊಂಡು ಹೋಗ್ರಿ.”

ಮರುದಿನವೇ ವೈನಿ ಕ್ಯಾಮೆರಾ ಹಿಡಿದು ಅಲ್ಲಿಗೆ ಹೋದರು, ನಾನೂ ಹೋದೆ. ಅಜ್ಜಿ ಎರಡು ಸಾಲು ಹಾಡಿ ನಿಲ್ಲಿಸಿದರು. “ಸುರಗಿ ಮುಂದ ಕುಂತ್ರ ತಾನ ಬರತಿತ್ತು. ಸುಮ್ನ ಕುಂತ್ರ ಎಲ್ಲಿಂದ ಬರಬೇಕು?” ವೈನಿ ಎದ್ದೇಬಿಟ್ಟರು. ಓಣಿಯ ನಾಲ್ಕು ಹೆಣ್ಣುಮಕ್ಕಳನ್ನು ಕರೆತಂದರು, ಅಂಗಳದಲ್ಲಿ ತಂಬಿಗೆ ಇರಿಸಿ ನೂಲು ಸುತ್ತಿಸಿದರು, ಅರಿಶಿಣ ಕಲಸಿದರು. ಅಜ್ಜಿ ನಕ್ಕರು. ಆಮೇಲೆ ಹಾಡಿದರು, ಒಂದರ ಹಿಂದೊಂದು, ದಣಿಯದೆ. ಒಂದೇ ಕಡೆ, ಹಾಡಿನಲ್ಲಿ ಮದುಮಗಳ ಹೆಸರು ಬರಬೇಕಾದಲ್ಲಿ, ದನಿ ನಿಂತಿತು. ನೂಲಿನ ನಡುವೆ ಮಣೆ ಖಾಲಿಯಿತ್ತು. ಮೊಮ್ಮಗಳು ಗಂಡನ ಮನೆಗೆ ಹೋಗಿಯಾಗಿತ್ತು. ಅಜ್ಜಿ ಆ ಮಣೆಯನ್ನೇ ನೋಡುತ್ತ ಕೂತರು... ವೈನಿ ಕ್ಯಾಮೆರಾ ನಿಲ್ಲಿಸಿ, ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡರು.

ಆ ದಿನದ ಚಿತ್ರವನ್ನು ಮನೆಯವರು ಒಪ್ಪಿಕೊಂಡರು. ಅಷ್ಟರಮಟ್ಟಿಗೆ ಅದು ಮುಗಿಯಿತು. ನನಗೆ ಮುಗಿಯಲಿಲ್ಲ. ವೈನಿ ನನ್ನನ್ನು ಬೈಯಲಿಲ್ಲ, ಚಹಾ ಕೊಡುವುದು ಬಿಡಲಿಲ್ಲ, ಮನೆಯಲ್ಲಿ ಹೋಳಿಗೆ ಮಾಡಿದಾಗ ಡಬ್ಬಿಗೆ ಹಾಕಿಕೊಡುವುದನ್ನೂ ಬಿಡಲಿಲ್ಲ. ಆದರೆ ‘ನೋಡಿದೇನು?’ ಎಂದು ಮತ್ತೆಂದೂ ಕೇಳಲಿಲ್ಲ. ನಾನು ಕಾಪಿ ಮಾಡಿ ಏಳುತ್ತಲೇ ಬಂದು ಕೂತು, ಮೂರೂ ಕ್ಲಿಪ್‌ಗಳನ್ನು ತಾವೇ ತೆರೆದು ನೋಡಿ ಸಹಿ ಹಾಕುತ್ತಿದ್ದರು. ಹಿಂದೆ ನಿಂತು ಅದನ್ನು ನೋಡುವಾಗ ನನಗೆ ನೆಲ ಬಿರಿಯಬಾರದೇ ಅನಿಸುತ್ತಿತ್ತು.

ಮೂರು ವರ್ಷದ ಮೇಲೆ ನಾನು ಬೆಂಗೇರಿಯಲ್ಲಿ ನನ್ನದೇ ಕೋಣೆ ಮಾಡಿಕೊಂಡೆ. ಅಷ್ಟರಲ್ಲಿ ವೈನಿಗೆ ಮೂತ್ರಪಿಂಡದ ತೊಂದರೆ ಶುರುವಾಗಿತ್ತು. ಎರಡು ಸಲ ನೋಡಲು ಹೋದೆ. ಮೊದಲ ಸಲ ಮಂದಿ ಬಹಳ ಇದ್ದರು. ಎರಡನೆಯ ಸಲ ಇದ್ದದ್ದು ನಾವಿಬ್ಬರೇ. ಶಿರಗುಪ್ಪಿಯ ಡಿಸ್ಕುಗಳನ್ನು ಈ ಸಲ ಯಾರೂ ಓಡಿಸಿಲ್ಲವೆಂದು ಚಡಪಡಿಸುತ್ತಿದ್ದರು. ನಾನು ಹೋಗಿ ಓಡಿಸಿ ಬರುತ್ತೇನೆ ಎಂದೆ. ಅದೊಂದನ್ನು ಮಾಡಿದೆ, ನಿಜ. ಹೇಳಬೇಕಾದದ್ದನ್ನು ಮುಂದಿನ ಸಲ ಹೇಳಿದರಾಯಿತು ಎಂದುಕೊಂಡೆ. ಮುಂದಿನ ಸಲ ಹೋದಾಗ ಅಂಗಳದಲ್ಲಿ ಮಂದಿ ಸೇರಿದ್ದರು...

ಬಜೆಯ ವಾಸನೆ ಬಡಿದ ಮೇಲೆ ನಾಲ್ಕು ದಿನ ಹೇಗೋ ಕಳೆದೆ. ಭಾನುವಾರ ಬೆಳಿಗ್ಗೆ ಎದ್ದವಳೇ ಅಣ್ಣಾರ ಮನೆಗೆ ಹೋದೆ. ಸ್ಟುಡಿಯೋ ಮುಚ್ಚಿ ಎರಡು ವರ್ಷವಾಗಿದೆ. ಅಣ್ಣಾರು ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂತಿದ್ದರು. ಮಾತು ತಾನಾಗಿಯೇ ವೈನಿಯ ಕಡೆ ಹೊರಳಿತು.

“ಎಷ್ಟ್ ಛಲೋ ಇಟ್ಟಿದ್ಲವಾ ಎಲ್ಲಾನೂ” ಎಂದರು. “ಇಷ್ಟ್ ವರ್ಷದಾಗ ತಪ್ಪಿದ್ದು ಒಂದ ಸಲ. ಗೋಪನಕೊಪ್ಪದ ಮದವಿ. ಜ್ವರ ಇತ್ತಲ್ಲ, ನೋಡದ ಸಹಿ ಹಾಕಿಬಿಟ್ಟಿದ್ಲು. ಸಾಯೂತನ ಅದನ್ನ ಮನಸ್ಸಿಗೆ ಹಚ್ಚಿಕೊಂಡಿದ್ಲು.”

ಅಂದರೆ ಗಂಡನ ಮುಂದೆಯೂ ಅವರು ನನ್ನ ಹೆಸರು ಎತ್ತಿರಲಿಲ್ಲ.

“ಅಣ್ಣಾರ, ಅದು ವೈನಿ ತಪ್ಪಲ್ರಿ” ಎಂದೆ. “ನೋಡಿದೇನು ಅಂತ ನನ್ನ ಕೇಳಿದ್ರು. ನೋಡೇನಿ ಅಂತ ಸುಳ್ಳು ಹೇಳಿದ್ದೆ. ಒಂದ ಕಾರ್ಡ್ ಎರಡ ಸಲ ಇಳಿಸಿದಾಕಿ ನಾನು.”

ಅಣ್ಣಾರು ಕನ್ನಡಕ ತೆಗೆದರು. ಬೈದಿದ್ದರೆ ಚೆನ್ನಾಗಿತ್ತು. ಓಣಿಯ ಕಡೆ ನೋಡುತ್ತ ಮೆತ್ತಗೆ ಅಂದರು:

“ಆಕಿ ಇದ್ದಾಗ ಹೇಳಬೇಕಿತ್ತಲ್ಲವಾ.”

ಚಹಾ ಕುಡಿದು ಹೋಗು ಎಂದು ಅವರು ಕರೆಯುತ್ತಿದ್ದಂತೆಯೇ ಎದ್ದು ಬಂದೆ. ಬಸ್ ಸ್ಟಾಪಿನಲ್ಲಿ ನಿಲ್ಲಲಾಗಲಿಲ್ಲ. ಆ ಬಿಸಿಲಲ್ಲಿ ಬೆಂಗೇರಿಯ ತನಕ ನಡೆದೇ ಹೋದೆ.