ಹಗ್ಗದ ಮೇಲಿನ ಕಾದಂಬರಿ

ನಾವು ಚಿಕ್ಕವರಿದ್ದಾಗ ಪುಣೆಯ ನಮ್ಮ ಮನೆಯಲ್ಲಿ ದಸರೆಯೆಂದರೆ ಓದದಿರಲು ಸಿಕ್ಕ ಅಪ್ಪಣೆ. ಸರಸ್ವತಿ ಪೂಜೆಗೆ ಪುಸ್ತಕ ಇಟ್ಟ ಮೇಲೆ ದಶಮಿಯವರೆಗೆ ಯಾರೂ ಮುಟ್ಟುವಂತಿರಲಿಲ್ಲ. ಧಾರವಾಡದ ಅಜ್ಜಿ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಗಣಿತದ ಪುಸ್ತಕವನ್ನು ನಾನೇ ಓಡಿಹೋಗಿ ಎಲ್ಲಕ್ಕಿಂತ ಕೆಳಗೆ ಇಡುತ್ತಿದ್ದೆ. ಒಳಗೆ ಚೆಂಡುಹೂವು, ಹೂರಣದ ವಾಸನೆ. ಹೊರಗೆ ದಿನವಿಡೀ ಕುಂಟೆಬಿಲ್ಲೆ.

ಕೆಳಗಿನ ಮನೆಯಲ್ಲಿ ಮುದಿ ಇಂಗ್ಲಿಷ್ ಕಾದಂಬರಿಕಾರರೊಬ್ಬರು ಒಂಟಿಯಾಗಿದ್ದರು. ಒಂದು ಕಾಲಕ್ಕೆ ಲಂಡನ್ನಿನಲ್ಲಿ ಅವರ ಪುಸ್ತಕಗಳು ಅಚ್ಚಾಗಿದ್ದವಂತೆ. ನಾನು ಕಂಡದ್ದು ಎರಡೂ ಕೈಗೆ ಗಡಿಯಾರ ಕಟ್ಟಿದ ಸಾಹೇಬರನ್ನು, ಅವರ ಕೋಣೆಯ ತುಂಬ ಬಟ್ಟೆ ಒಣಹಾಕುವ ಹಗ್ಗಗಳನ್ನು. ಬರೆದ ಹಾಳೆಗಳನ್ನು ಕ್ಲಿಪ್ಪು ಹಾಕಿ ಸಾಲಾಗಿ ತೂಗುಬಿಡುತ್ತಿದ್ದರು. ಪುಟಸಂಖ್ಯೆ ಬರೆಯುತ್ತಿರಲಿಲ್ಲ. ಬೆಳಗ್ಗೆ ಮೊದಲ ಹಾಳೆಯಿಂದ ಓದುತ್ತ ನಡೆದು, ಕೊನೆಯದನ್ನು ಮುಟ್ಟಿದ ಮೇಲೆ ನಿಂತೇ ಮುಂದಿನದನ್ನು ಬರೆಯುತ್ತಿದ್ದರು. ಆಗಲೇ ಮರೆವು ಶುರುವಾಗಿತ್ತು. ಕತೆ ತಲೆಯಲ್ಲಿ ನಿಲ್ಲುತ್ತಿಲ್ಲ, ಹಗ್ಗದ ಮೇಲಷ್ಟೇ ಇದೆ ಎಂದು ನನಗೆ ಹಿಂದಿಯಲ್ಲಿ ನಗುತ್ತ ಹೇಳಿದ್ದರು.

ಆ ವರ್ಷ ಪೂಜೆಯ ದಿನ ಸಾಹೇಬರು ಪೇಟೆಗೆ ಹೋದಾಗ ಅಜ್ಜಿ ನನ್ನನ್ನೂ ಕರೆದುಕೊಂಡು ಅವರ ಕೋಣೆಗೆ ಇಳಿದಳು.

"ಪಾಪ, ಅವರಿಗೆ ಯಾರದಾರ? ಅವರ ವಿದ್ಯಾನೂ ದೇವರ ಮುಂದ ಇಡೋಣು."

"ಅಜ್ಜಿ, ತಗೀಬ್ಯಾಡ. ಸಾಲು ತಪ್ಪತದ."

"ಹಾಳಿ ಎಲ್ಲೆ ಓಡಿಹೋಗತಾವ? ಹಿಡಿ ಇಲ್ಲೆ."

ನಾನು ನಿಜವಾಗಿ ಹಾಗೆ ಹೇಳಿದೆನೋ, ಹೇಳಬೇಕಿತ್ತೆಂದು ಆಮೇಲೆ ಅನ್ನಿಸಿದ್ದೋ, ಈಗ ಖಚಿತವಿಲ್ಲ. ಅಜ್ಜಿ ಸಿಕ್ಕಸಿಕ್ಕ ಹಗ್ಗದಿಂದ ಬಿಡಿಸಿ, ಅಂಚು ಕೂಡಿಸಿ, ಅರಿಸಿನದ ದಾರ ಕಟ್ಟಿದ್ದು ಮಾತ್ರ ಕಣ್ಣಿಗೆ ಕಟ್ಟಿದೆ.

ಸಾಹೇಬರು ಖಾಲಿ ಹಗ್ಗ ನೋಡಿ ಮೇಲೆ ಬಂದರು. ಕುಂಕುಮ ಹಚ್ಚಿದ ಕಟ್ಟನ್ನು ಕಂಡು ಬಾಗಿಲಲ್ಲೇ ನಿಂತರು.

"ಅವ್ವಾ, ಅವರದವರಿಗೆ ಕೊಟ್ಟಬಿಡು," ಎಂದರು ಅಪ್ಪ.

"ಪೂಜಾಕ್ಕ ಇಟ್ಟದ್ದನ್ನ ನಡುವ ಎಬ್ಬಸ್ತಾರೇನೋ? ನೀ ಕಲಿಸಬ್ಯಾಡ ನನಗ. ಬರ್ರಿ ಸಾಹೇಬ್ರ, ಕೂಡ್ರಿ. ಹೋಳಿಗಿ ತಿನ್ರಿ."

ಅಪ್ಪ ಸಾಹೇಬರಿಗೆ ಮಣೆ ಹಾಕಿದರು. ಅಜ್ಜಿ ತುಪ್ಪ ಸುರಿಯುತ್ತಲೇ ಇದ್ದಳು. ಸಾಹೇಬರು ದೇವರ ಕಡೆ ನೋಡುತ್ತ ತಿಂದರು.

ದಶಮಿಯ ದಿನ ಕಟ್ಟು ಹೊತ್ತು ನಾನೂ ಕೆಳಗೆ ಹೋದೆ. ಅವರು ಮೊದಲ ಹಾಳೆ ಹುಡುಕಿ ಸಿಕ್ಕಿಸಿದರು. ಎರಡನೆಯದನ್ನೂ ಸಿಕ್ಕಿಸಿ, ಅಲ್ಲಿಯವರೆಗಿನ ಕತೆಯನ್ನು ನನಗೆ ಹಿಂದಿಯಲ್ಲಿ ಓದಿ ಹೇಳಿದರು. ಆಮೇಲೆ ಕೈ ನಿಂತಿತು. ಒಂದನ್ನು ಎತ್ತುವುದು, ಓದುವುದು, ಕೆಳಗಿಡುವುದು.

"ಇದರ ಮುಂದಿನದು ಯಾವುದು?" ಎಂದು ನನ್ನನ್ನು ಕೇಳಿದರು. ನನಗೆ ಅಚ್ಚಿನ ಇಂಗ್ಲಿಷ್ ಅಷ್ಟೇ ಗೊತ್ತು. ಆ ಕೈಬರಹ ಇರುವೆ ಸಾಲಿನಂತೆ ಕಾಣುತ್ತಿತ್ತು. ಏನಾದರೂ ಕೊಡಬೇಕೆಂದು ಒಂದು ಹಾಳೆ ಕೊಟ್ಟೆ. ನಂಬಿ ಸಿಕ್ಕಿಸಿದರು. ಓದಿದರು. ಮೆಲ್ಲಗೆ ಬಿಚ್ಚಿ ನನ್ನ ಕೈಗೇ ಮರಳಿಸಿದರು.

"ಸರಸ್ವತಿ ಮುಂದ ಇಟ್ಟಮ್ಯಾಲೆ ಬರವಣಗಿ ಚಲೋ ನಡದದೇನ?" ಎಂದು ನಾನು ಮೇಲೆ ಬಂದಾಗ ಅಜ್ಜಿ ಕೇಳಿದಳು.

"ಹೂಂ ಅಜ್ಜಿ," ಎಂದೆ.

ಚಳಿಗಾಲದಲ್ಲಿ ಅವರ ತಂಗಿಯ ಮಗ ಬಂದು ಅವರನ್ನು ಇಂಗ್ಲೆಂಡಿಗೆ ಕರೆದೊಯ್ದ. ಹಾಳೆಗಳು ಎಲ್ಲಿ ಹೋದವೋ. ಮುಂದೆ ನಾನು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷನ್ನೇ ಓದಿದೆ. ಅವರ ಹಳೆಯ ಕಾದಂಬರಿಯೊಂದು ಗ್ರಂಥಾಲಯದಲ್ಲಿ ಸಿಕ್ಕಿತು. ಒಂದೇ ಗುಕ್ಕಿನಲ್ಲಿ ಮುಗಿಸಿದೆ. ಪುಣೆಯಲ್ಲಿ ಬರೆಯುತ್ತಿದ್ದುದರಲ್ಲಿ ನನಗೆ ಗೊತ್ತಿರುವುದು ಅವರು ಆ ದಿನ ಓದಿ ಹೇಳಿದಷ್ಟೇ: ಒಬ್ಬ ಹೆಂಗಸು ನದಿದಂಡೆಯಲ್ಲಿ ದೋಣಿಗೆ ಕಾಯುತ್ತಿದ್ದಾಳೆ. ಆಕೆ ಆಚೆ ದಡ ಸೇರಿದಳೋ ಇಲ್ಲವೋ, ಹೇಳಬಲ್ಲವರು ಯಾರೂ ಉಳಿದಿಲ್ಲ.